ಗಾಡಿ ಮಾತು: ಕೆಸರಿಗೊಂದು ಟೈರ್, ಘಾಟಿಗೊಂದು ಟೈರ್ ಅಂತ ಇಡೋಕಾಗತ್ತಾ?

ಮೃಗಶಿರ ಮಳೆ ಹಿಡಿದ್ರೆ ಸಾಕು, ಈ ಕಾಲಂಗೆ ಬರೋ ಪತ್ರದಲ್ಲಿ ಮುಕ್ಕಾಲು ಪಾಲು ಟೈರಿಂದೇ. ಏಪ್ರಿಲಲ್ಲಿ ಯಾರಿಗೂ ನೆನಪಾಗಲ್ಲ, ಗಾಡಿ ಒಂದ್ಸಲ ರಸ್ತೆ ಪಕ್ಕದ ಧರೆಗೆ ಹೋಗಿ ಒರಗಿದ ಮೇಲೇ ಎಲ್ರಿಗೂ ಜ್ಞಾನೋದಯ. ಇರ್ಲಿ, ನಂದೂ ಹಂಗೇ ಆಗಿತ್ತು, ಕೆಳಗೆ ಹೇಳ್ತೀನಿ.

ಪ್ರಶ್ನೆ: ನಮಸ್ಕಾರ ಸಾರ್. ನಮ್ದು ಹೊಸನಗರ ತಾಲ್ಲೂಕು, ನಗರ ಅನ್ನೋ ಊರಿನ ಹತ್ರ ಹಳ್ಳಿ. ತೋಟದ ಜೊತೆ ಮನೇಲೇ ಸಣ್ಣದಾಗಿ ಹೋಂಸ್ಟೇ ಮಾಡ್ಕೊಂಡಿದೀವಿ. ಹೋದ ವರ್ಷ ಸೆಕೆಂಡ್ ಹ್ಯಾಂಡಲ್ಲಿ ಏಳು ಸೀಟಿನ ಮಾರುತಿ ಈಕೋ ವ್ಯಾನ್ ತಗೊಂಡೆ, ಗೆಸ್ಟ್‌ಗಳನ್ನ ಶಿವಮೊಗ್ಗ ಸ್ಟೇಷನ್ನಿಂದ ಕರ್ಕೊಂಡು ಬರೋಕೆ, ಮಧ್ಯೆ ಮಧ್ಯೆ ಗೊಬ್ಬರ, ಅಡಿಕೆ ಎಲ್ಲಾ ಅದ್ರಲ್ಲೇ. ಟಾರ್ ರಸ್ತೆಯಿಂದ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣು ರಸ್ತೆ, ನಡುವೆ ಒಂದು ಜೋರು ಏರು ಇದೆ, ಮಳೆಗಾಲದಲ್ಲಿ ಅಲ್ಲೇ ನಿಂತು ಬಿಡತ್ತೆ. ಈಗ ನಾಲ್ಕೂ ಟೈರ್ ನುಣ್ಣಗಾಗಿದೆ. ಶಿವಮೊಗ್ಗದ ಒಂದು ಅಂಗಡೀಲಿ 14 ಇಂಚಿನ ಅಲಾಯ್ ರಿಮ್ ಹಾಕಿ 175/65 ಟೈರ್ ಹಾಕ್ಸಿ, ಅಗಲ ಆದಷ್ಟೂ ಗ್ರಿಪ್ ಅಂತಾರೆ. ಅಕ್ಕನ ಮಗ ದಪ್ಪ ದಪ್ಪ ಉಬ್ಬು ಇರೋ ಬಟನ್ ಟೈರೇ ಬೇಕು ಮಾವ ಅಂತಾನೆ. ಈಗಿರೋದರ ಮೇಲೆ 155 ಆರ್ 13 ಎಲ್‌ಟಿ 8ಪಿಆರ್ ಅಂತ ಇದೆ. ಯಾವ್ದು ಹಾಕ್ಸಲಿ?

ಉತ್ತರ: ಮಾರಾಯ್ರೆ, ಮೊದ್ಲು ಒಂದು ಲೆಕ್ಕ ಹಾಕಿ. ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟಿ ನಿಮ್ಮೂರಿಗೆ ಎಂಬತ್ತು ಕಿಲೋಮೀಟರ್ ಮೇಲೇ ಆಗತ್ತೆ, ಅದ್ರಲ್ಲಿ ಮಣ್ಣು ಎರಡೂವರೆ. ನೀವು ಪತ್ರದಲ್ಲಿ ಬರೆದಿರೋದೆಲ್ಲ ಆ ಎರಡೂವರೆ ಬಗ್ಗೆನೇ. ಯಾಕಂದ್ರೆ ಸಿಕ್ಕಾಕೊಳ್ಳೋದು ಅಲ್ಲಿ, ನೆಂಟರ ಎದುರು ಮರ್ಯಾದೆ ಹೋಗೋದು ಅಲ್ಲಿ. ಆದ್ರೆ ಅಲ್ಲಿ ಗಾಡಿ ನಿಂತ್ರೆ ಟ್ರ್ಯಾಕ್ಟರ್ ಕರೆದು ಎಳೆಸ್ಬಹುದು. ಏಳು ಜನ ಕೂರಿಸ್ಕೊಂಡು ಮಳೇಲಿ ಟಾರ್ ಮೇಲೆ ಬ್ರೇಕ್ ಒತ್ತಿ ಗಾಡಿ ನಿಲ್ಲದೇ ಹೋದ್ರೆ ಯಾರನ್ನ ಕರೀತೀರಿ? ಅದಕ್ಕೇ ನಾನು ಹೇಳೋದು, ಟೈರ್ ಆರಿಸೋದು ಲೋಡಿಗೆ ಮತ್ತೆ ಒದ್ದೆ ಟಾರಿಗೆ, ಕೆಸರಿಗೆ ಬೇರೆ ಉಪಾಯ ಇದೆ.

ಲೋಡಿನ ವಿಷ್ಯ ಯಾಕೆ ಮೊದ್ಲು ಅಂದ್ರೆ, ನಿಮ್ಮ ಟೈರಿನ ಮೇಲಿರೋ ಆ 'ಎಲ್‌ಟಿ' ಅನ್ನೋ ಎರಡಕ್ಷರನ ಅಂಗಡಿಯವ್ರು ನೋಡೇ ಇಲ್ಲ. ಅದು ಲೈಟ್ ಟ್ರಕ್ ಟೈರ್, ಸೈಡ್‌ವಾಲ್ ಗಟ್ಟಿ ಇರತ್ತೆ. ಸೈಜ್ ಪಕ್ಕದಲ್ಲೇ ಇನ್ನೊಂದು ನಂಬರ್ ಇರತ್ತಲ್ಲ, ಅದು ಲೋಡ್ ಇಂಡೆಕ್ಸ್. ಈ ಸೈಜಿನ 8ಪಿಆರ್ (ಪ್ಲೈ ರೇಟಿಂಗ್, ಟೈರ್ ಎಷ್ಟು ಗಟ್ಟಿ ಅನ್ನೋ ಅಳತೆ) ವ್ಯಾನ್ ಟೈರಿಗೆ ಸಾಮಾನ್ಯವಾಗಿ 90/88 ಅಂತ ಇರತ್ತೆ. 90 ಅಂದ್ರೆ ಒಂದು ಟೈರು 600 ಕೆಜಿ ಹೊರತ್ತೆ ಅಂತ, 88 ಇರೋದು ಹಿಂದೆ ಜೋಡಿ ಚಕ್ರ ಇರೋ ಗಾಡಿಗೆ. ಈಗ ಅವ್ರು ಹೇಳಿದ 175/65 ಆರ್ 14 ಕಾರ್ ಟೈರ್ ತಗೊಳ್ಳಿ, ಅದ್ರ ಮೇಲೆ ಸಾಮಾನ್ಯವಾಗಿ 82 ಇರತ್ತೆ, ಅಂದ್ರೆ 475 ಕೆಜಿ. ನೋಡೋಕೆ ಅಗಲ, ದಪ್ಪ, ಆದ್ರೆ ಟೈರಿಗೆ 125 ಕೆಜಿ ಕಮ್ಮಿ ಹೊರತ್ತೆ! ಹಿಂದಿನ ಎರಡು ಚಕ್ರಕ್ಕೆ 250 ಕೆಜಿ ಖೋತಾ. ನೀವು ಹಿಂದೆ ಐದು ಜನ ಕೂರಿಸಿ ಲಗೇಜ್ ತುಂಬಿ, ಅದ್ರ ಮೇಲೆ ಒಂದು ಮೂಟೆ ಗೊಬ್ಬರನೂ ಹಾಕೋರು. ಅಗಲ ಆದ್ರೆ ಬಲ ಜಾಸ್ತಿ ಅಂತ ಎಲ್ರೂ ಅನ್ಕೊಂಡಿರ್ತಾರೆ, ಹಂಗೇನಿಲ್ಲ, ನಂಬರ್ ನೋಡ್ಬೇಕು.

ಇನ್ನು ಅಗಲಕ್ಕೆ ಗ್ರಿಪ್ ಅನ್ನೋ ಮಾತು. ಮರಳಲ್ಲಿ ಸರಿ, ಅಗಲ ಟೈರು ಮೇಲೇ ತೇಲತ್ತೆ. ನಮ್ಮ ಕಡೆ ರಸ್ತೆ ಹೆಂಗಿರತ್ತೆ? ಮೇಲೆ ಮೂರು ನಾಲ್ಕು ಇಂಚು ಕೆಂಪು ಅಂಟು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲೋ ಗರಸೋ ಗಟ್ಟಿ ಇರತ್ತೆ. ಇಲ್ಲಿ ಸಪೂರ ಟೈರೇ ಕೆಸರನ್ನ ಕೊಯ್ಕೊಂಡು ಕೆಳಗಿನ ಗಟ್ಟಿ ಮುಟ್ಟೋದು, ಅಗಲದ್ದು ಜಾರು ಮಣ್ಣಿನ ಮೇಲೇ ಸ್ಕೇಟಿಂಗ್ ಮಾಡ್ತಾ ಕೂರತ್ತೆ. ಹಳೇ ಜೀಪುಗಳ ಟೈರ್ ನೆನಪು ಮಾಡ್ಕೊಳ್ಳಿ, ಸೈಕಲ್ ಟೈರಿನ ಅಣ್ಣನ ಥರ ಇರ್ತಿದ್ವು, ಆದ್ರೂ ಹತ್ತದ ಗುಡ್ಡ ಇರ್ಲಿಲ್ಲ. ಒದ್ದೆ ಟಾರಲ್ಲೂ ಅಷ್ಟೇ, ಟೈರ್ ಅಗಲ ಆದಷ್ಟೂ ಅದ್ರ ಕೆಳಗಿಂದ ಹೊರಗೆ ತಳ್ಬೇಕಾದ ನೀರು ಜಾಸ್ತಿ, ಸ್ಪೀಡಲ್ಲಿ ನೀರಿನ ಮೇಲೆ ತೇಲೋ ಚಾನ್ಸೂ ಜಾಸ್ತಿ.

ಅಲಾಯ್ ಬಗ್ಗೆ ನನ್ನ ಸ್ವಂತ ಪುರಾಣ ಕೇಳಿ. ಓಮ್ನಿ ಇದ್ದಾಗ ನಾನೂ ಶೋಕಿಗೆ ಬಿದ್ದು ಶಿವಮೊಗ್ಗದ ಒಂದು ಅಂಗಡೀಲಿ (ಹೆಸ್ರು ಬೇಡ, ಈಗ್ಲೂ ಸಿಕ್ರೆ ಮಾತಾಡಿಸ್ತಾರೆ) ಅಲಾಯ್ ಹಾಕ್ಸಿದೆ. ಏನ್ ಚೆಂದ ಕಾಣ್ತಿತ್ತು ಅಂತೀರಿ. ಒಂದು ಆಷಾಢದಲ್ಲಿ ಯಡೂರು ಕಡೆ ಗರಸು ರಸ್ತೇಲಿ ಹೋಗ್ತಿದ್ದಾಗ ನೀರು ತುಂಬಿದ ಹೊಂಡದೊಳಗೆ ಕಲ್ಲಿರೋದು ಗೊತ್ತಾಗ್ದೆ ಧಡಾರ್ ಅಂತು. ಇಳಿದು ನೋಡಿದ್ರೆ ಏನೂ ಆಗಿಲ್ಲ, ಖುಷಿ. ಎರಡು ಕಿಲೋಮೀಟರ್ ಹೋಗೋದ್ರಲ್ಲಿ ಗಾಡಿ ಎಡಕ್ಕೆ ಎಳೆಯೋಕೆ ಶುರು. ಸ್ಟೆಪ್ನಿ ಹಾಕ್ಕೊಂಡು ಹೆಂಗೋ ಪಂಚರ್ ಅಂಗಡಿ ಮುಟ್ಟಿದೆ. ಆ ಹುಡುಗ ಟೈರನ್ನ ತೊಟ್ಟೀಲಿ ಮುಳುಗಿಸ್ದ, ಪಂಚರ್ ಇಲ್ಲ. ಆಮೇಲೆ ಸೋಪಿನ ನೀರು ಕಲಸಿ ರಿಮ್ಮಿನ ಒಳಗಡೆ ಅಂಚಿಗೆ ಬ್ರಷಲ್ಲಿ ಹಚ್ದ, ಸ್ವಲ್ಪ ಹೊತ್ತಿಗೆ ಒಂದು ಕೂದಲೆಳೆ ಗೆರೆ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಗುಳ್ಳೆ ಸಾಲಾಗಿ ಎದ್ದು ಬಂತು, ಪಟಪಟ ಒಡೀತಾ. 'ಮಾಮೂಲಿ ಕಬ್ಬಿಣದ ಡಿಸ್ಕ್ ರಿಮ್ ಆಗಿದ್ರೆ ಸುತ್ತಿಗೇಲಿ ಬಡಿದು ಸರಿ ಮಾಡಿ ಕೊಡ್ತಿದ್ದೆ ಅಣ್ಣ, ಇದಕ್ಕೆ ಎಂತ ಮಾಡೋದು?' ಅಂದ. ಅಷ್ಟೇ ವಿಷ್ಯ. ಕಬ್ಬಿಣದ ಡಿಸ್ಕ್ ಬೆಂಡ್ ಆಗತ್ತೆ, ಅಲಾಯ್ ಸೀಳತ್ತೆ. ಸೀಳಿದ್ದನ್ನ ವೆಲ್ಡ್ ಮಾಡ್ಸೋರೂ ಇದಾರೆ, ನನ್ನ ಮಾತು ಕೇಳಿ, ಜನ ಕೂರಿಸೋ ಗಾಡಿಗೆ ಆ ಕೆಲ್ಸ ಮಾಡ್ಬೇಡಿ.

ಇಷ್ಟೂ ಆದ್ಮೇಲೂ ಅಲಾಯೇ ಬೇಕು ಅಂದ್ರೆ ಬೋಲ್ಟ್ ಹೊಂದಿದ್ರೆ ಸಾಕು ಅಂತ ತಗೋಬೇಡಿ. ನಟ್ಟುಗಳ ವೃತ್ತದ ಅಳತೆ, ಅಂದ್ರೆ ಪಿಸಿಡಿ, ಅದು ಸರಿ ಇರ್ಬೇಕು, ನಡುವಿನ ತೂತು ಹಬ್ಬಿಗೆ ಕಚ್ಚಿ ಕೂರ್ಬೇಕು, ಆಫ್‌ಸೆಟ್, ಅಂದ್ರೆ ಚಕ್ರ ಎಷ್ಟು ಒಳಗೆ ಹೊರಗೆ ಕೂರತ್ತೆ ಅನ್ನೋದು, ಕಂಪನಿದೇ ಇರ್ಬೇಕು. ಆಫ್‌ಸೆಟ್ ತಪ್ಪಿದ್ರೆ ಚಕ್ರ ಹೊರಗೆ ಚಾಚಿ ನೋಡೋಕೆ ಜೋರಾಗಿ ಕಾಣತ್ತೆ, ಜೋರೆಲ್ಲ ಬೀಳೋದು ವೀಲ್ ಬೇರಿಂಗ್ ಮೇಲೆ. ಕೆಲವು ಅಲಾಯ್‌ಗೆ ನಟ್ಟೇ ಬೇರೆ ಬರತ್ತೆ, ಹಳೇ ಡಿಸ್ಕಿನ ನಟ್ ಹಾಕಿ ಬಿಗಿದ್ರೆ ಸರಿಯಾಗಿ ಕೂರಲ್ಲ, ಓಡ್ತಾ ಓಡ್ತಾ ಲೂಸ್ ಆಗತ್ತೆ. ಯಾವ ಚಕ್ರನೇ ಬಿಚ್ಚಿ ಹಾಕಿದ್ರೂ ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಒಂದ್ಸಲ ಸ್ಪ್ಯಾನರ್ ಹಾಕಿ ನೋಡೋ ಅಭ್ಯಾಸ ಇಟ್ಕೊಳ್ಳಿ.

ಅಕ್ಕನ ಮಗನಿಗೆ ಹೇಳಿ, ಬಟನ್ ಟೈರ್ ಕೆಸರಲ್ಲಿ ರಾಜ, ಒಪ್ಕೋತೀನಿ. ಬಟನ್ ಮಧ್ಯದ ಅಗಲ ಜಾಗದಿಂದ ಮಣ್ಣು ಎಸೆದು ತಾನೇ ಕ್ಲೀನ್ ಆಗತ್ತೆ. ಆದ್ರೆ ಅದೇ ಖಾಲಿ ಜಾಗದಿಂದಾಗಿ ಟಾರಿಗೆ ತಾಗೋ ರಬ್ಬರ್ ಕಮ್ಮಿ, ಒದ್ದೆ ಘಾಟೀಲಿ ಬ್ರೇಕ್ ಒತ್ತಿದ್ರೆ ನಿಲ್ಲೋಕೆ ಜಾಸ್ತಿ ದೂರ ತಗೊಳ್ಳತ್ತೆ, ಸದ್ದು ಬೇರೆ, ಗೆಸ್ಟ್‌ಗಳು ಇದೇನು ಟ್ರ್ಯಾಕ್ಟರಾ ಅಂತ ಕೇಳ್ತಾರೆ. ಅದೂ ಅಲ್ದೆ 13 ಇಂಚಲ್ಲಿ ವ್ಯಾನ್ ಲೋಡ್ ಹೊರೋ ಆಲ್-ಟೆರೇನ್ (ಟಾರಿಗೂ ಮಣ್ಣಿಗೂ ಆಗೋದು), ಮಡ್ ಟೈರ್ ಹುಡುಕೋಕೆ ಹೋದ್ರೆ ಆಯ್ಕೆ ಸಿಗೋದೇ ಕಷ್ಟ. ಸಿಗೋದು ಏನಪ್ಪಾ ಅಂದ್ರೆ ಸಣ್ಣ ಗೂಡ್ಸ್ ಗಾಡಿಗಳಿಗೆ ಬರೋ ಎಲ್‌ಟಿ ಟೈರ್, ಉದ್ದುದ್ದ ಗೆರೆ ಇರೋ ರಿಬ್ ಒಂದು, ಅಡ್ಡ ಕಟ್ಟಿರೋ ಲಗ್ ಒಂದು. ಗೂಡ್ಸ್ ಗಾಡಿಯವ್ರು ಮುಂದೆ ರಿಬ್, ಹಿಂದೆ ಲಗ್ ಹಾಕ್ತಾರೆ. ನಿಮ್ಗೆ ನಾನು ನಾಲ್ಕೂ ಒಂದೇ ಥರದ್ದು, ಅಂಚಲ್ಲಿ ಸ್ವಲ್ಪ ಕಟ್ ಇರೋ ರಿಬ್ಬೇ ಹೇಳೋದು, ಯಾಕಂದ್ರೆ ನಿಮ್ಮ ಗಾಡಿ ಹಿಂದಿನ ಚಕ್ರದಿಂದ ತಳ್ಕೊಂಡು ಹೋಗೋದು, ಒದ್ದೆ ಟಾರಲ್ಲಿ ಹಿಂದಿನ ಹಿಡಿತ ಕಮ್ಮಿ ಆಯ್ತೋ ಬಾಲ ತಿರುಗಿಸಿ ಬಿಡತ್ತೆ. ಸೈಜ್ ಅದೇ 155 ಆರ್ 13 ಎಲ್‌ಟಿ. ಯಾವ ಕಂಪನಿ ಅಂತ ಕೇಳ್ಬೇಡಿ, ನಿಮ್ಮೂರ ಹತ್ರ ಯಾವ್ದಕ್ಕೆ ವಾರಂಟಿ ಕೊಡೋ ಡೀಲರ್ ಇದಾನೋ ಅದು.

ಹಂಗಾದ್ರೆ ಆ ಏರು ಹತ್ತೋದು ಹೆಂಗೆ? ಚೈನ್! ನಮ್ಮ ಕಡೆ ಜೀಪು ಪಿಕಪ್ಪಿನವ್ರು ಪುನರ್ವಸು ಮಳೆ ಹಿಡಿದ್ರೆ ಹಿಂದಿನ ಎರಡು ಚಕ್ರಕ್ಕೆ ಚೈನ್ ಕಟ್ಟೋದನ್ನ ನೀವೇ ನೋಡಿರ್ತೀರಿ. ಅಲಾಯ್ ಹಾಕ್ಸದೇ ಉಳಿದ ದುಡ್ಡಲ್ಲಿ ಒಂದು ಜೊತೆ ಚೈನ್ ಮಾಡ್ಸಿ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಹಾಕಿಡಿ. ಟಾರ್ ಬಿಟ್ಟು ಮಣ್ಣಿಗೆ ಇಳಿಯೋ ಮುಂಚೇನೇ ಕಟ್ಟಿ, ಸಿಕ್ಕಾಕೊಂಡ ಮೇಲೆ ಕೆಸರಲ್ಲಿ ಮಲಗಿ ಉಂಬಳ ಕಚ್ಚಿಸ್ಕೊಂಡು ಕಟ್ಟೋ ಕರ್ಮ ಬೇಡ. ಒಳಗಡೆ ಬ್ರೇಕ್ ಪೈಪಿಗೆ, ಬಾಡಿಗೆ ತಾಗತ್ತಾ ಅಂತ ಚಕ್ರ ಒಂದು ಸುತ್ತು ತಿರುಗಿಸಿ ನೋಡಿ. ಐವತ್ತು ಮೀಟರ್ ಹೋಗಿ ನಿಲ್ಸಿ, ಸಡಿಲ ಆಗಿರತ್ತೆ, ಮತ್ತೆ ಬಿಗೀರಿ. ನಡೆಯೋ ಸ್ಪೀಡಿಗಿಂತ ಸ್ವಲ್ಪ ಜೋರು ಅಷ್ಟೇ. ಟಾರ್ ಮುಟ್ಟಿದ ತಕ್ಷಣ ಬಿಚ್ಚಿ, ಇಲ್ಲಾಂದ್ರೆ ರಸ್ತೇನೂ ಹಾಳು ಟೈರೂ ಹಾಳು. ಖಾಲಿ ಗಾಡಿ ಹತ್ತಲ್ಲ, ಜನ ತುಂಬಿದ್ರೆ ಹತ್ತತ್ತೆ ಅನ್ನೋದು ನಿಮ್ಗೂ ಅನುಭವ ಆಗಿರ್ಬಹುದು, ಹಿಂದಿನ ಚಕ್ರದ ಮೇಲೆ ಭಾರ ಬೀಳ್ಬೇಕಲ್ಲ. ಒಬ್ರೇ ಬರೋದಾದ್ರೆ ಹಿಂದೆ ಎರಡು ಮೂಟೆ ಹಾಕ್ಕೊಂಡು ಬನ್ನಿ, ಕಟ್ಟಿ ಮಾತ್ರ.

ಮತ್ತೆ ಒಂದು ವಿಷ್ಯ, ಗುಂಡಿಗೆ ಅಡಿಕೆ ಸಿಪ್ಪೆ ಸುರೀಬೇಡಿ. ಎಲ್ರೂ ಮಾಡ್ತಾರೆ, ಮೊದಲ ವಾರ ಚೆನ್ನಾಗಿರತ್ತೆ, ಆಮೇಲೆ ಕೊಳೆತು ಲೋಳೆ ಆಗಿ ಕೆಸರಿಗಿಂತ ಜಾರತ್ತೆ. ಗರಸು ಹಾಕ್ಸಿ, ನೀರು ಹೋಗೋಕೆ ಪಕ್ಕದಲ್ಲಿ ಚರಂಡಿ ಬಿಡಿಸಿ. ಟೈರಿಗೆ ಹಾಕೋ ದುಡ್ಡಿಗಿಂತ ಅದು ದೊಡ್ಡ ಕೆಲ್ಸ ಮಾಡತ್ತೆ.

(ಗೆಸ್ಟ್‌ಗಳ ಹತ್ರ ಪಿಕಪ್‌ಗೆ ದುಡ್ಡು ತಗೋತಿದ್ರೆ ಗಾಡಿ ಹಳದಿ ಬೋರ್ಡ್ ಇರ್ಬೇಕು, ಕೇಳದಿದ್ರೂ ಹೇಳ್ತಿದೀನಿ.)

ಪ್ರಶ್ನೆ: ಸಾಗರದಿಂದ. ನಮ್ಮ ಬೊಲೆರೊಗೆ ಬಂದಿರೋ ಸೈಜ್ 215/75 ಆರ್ 15. ಇದಕ್ಕೆ 235/75 ಆಲ್-ಟೆರೇನ್ ಹಾಕಿದ್ರೆ ತೊಂದ್ರೆ ಇದ್ಯಾ? ಸಿಗಂದೂರು, ತುಮರಿ ಕಡೆ ವಾರಕ್ಕೆರಡು ಸಲ ಹೋಗ್ತೀನಿ, ಒಳ ರಸ್ತೆಗಳೂ ಇರ್ತವೆ.

ಉತ್ತರ: 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ್ಮೇಲೆ ಲಾಂಚಿಗೆ ಕಾಯೋದು ತಪ್ಪಿದೆ, ನೀವು ವಾರಕ್ಕೆ ನಾಲ್ಕು ಸಲ ಹೋದ್ರೂ ಆಶ್ಚರ್ಯ ಇಲ್ಲ. ಲೆಕ್ಕಕ್ಕೆ ಬರೋಣ. 215 ಮಿಲಿಮೀಟರ್ ಅಗಲದಲ್ಲಿ ನೂರಕ್ಕೆ 75 ಅಂದ್ರೆ ಸೈಡ್‌ವಾಲ್ 161 ಮಿಲಿಮೀಟರ್, ಮೇಲೆ ಕೆಳಗೆ ಎರಡು ಸೇರಿ ಅದಕ್ಕೆ 15 ಇಂಚಿನ ರಿಮ್ 381 ಕೂಡಿಸಿದ್ರೆ ಟೈರಿನ ಎತ್ತರ ಸುಮಾರು 703. ಅದೇ 235ಕ್ಕೆ 733. ಮೂವತ್ತು ಮಿಲಿಮೀಟರ್ ದೊಡ್ಡದು, ಅದ್ರಲ್ಲಿ ಗಾಡಿ ಎತ್ತರ ಆಗೋದು ಅರ್ಧ, ಹದಿನೈದೇ ಮಿಲಿಮೀಟರ್. ನಿಮ್ಮ ಹೆಬ್ಬೆರಳಷ್ಟೂ ಇಲ್ಲ. ಅದಕ್ಕೆ ಪ್ರತಿಯಾಗಿ ಸ್ಪೀಡೋಮೀಟರ್ 60 ತೋರಿಸ್ವಾಗ ಮೊದ್ಲು ಹೋಗ್ತಿದ್ದಕ್ಕಿಂತ ಎರಡೂವರೆ ಕಿಲೋಮೀಟರ್ ಜಾಸ್ತಿ ಹೋಗ್ತಿರ್ತೀರಿ, ಏರಲ್ಲಿ ಪಿಕಪ್ ಕಮ್ಮಿ, ಸ್ಟೇರಿಂಗ್ ಪೂರ್ತಿ ತಿರುಗಿಸ್ದಾಗ ಮಡ್‌ಗಾರ್ಡಿಗೆ ಉಜ್ಜಬಹುದು, ಎಫ್‌ಸಿಗೆ ಹೋದಾಗ ಪ್ರಶ್ನೆ. ಕಂಪನಿ ಸ್ಪೆಸಿಫಿಕೇಶನ್ ಬಿಟ್ಟು ಗಾಡಿ ಆಲ್ಟರ್ ಮಾಡಂಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವ್ರಿಗೆ ಒಂದು ನೆಪ ಸಿಕ್ರೆ ಸಾಕು. ನಿಮ್ಮ ಅದೃಷ್ಟಕ್ಕೆ 215/75 ಆರ್ 15ರಲ್ಲೇ ಒಳ್ಳೆ ಆಲ್-ಟೆರೇನ್ ಸಿಗತ್ತೆ, ಅದನ್ನೇ ಹಾಕ್ಸಿ. ಲೋಡ್ ಇಂಡೆಕ್ಸ್ ಈಗಿರೋದಕ್ಕಿಂತ ಕಮ್ಮಿ ಇರಬಾರ್ದು, ಐಎಸ್‌ಐ ಮಾರ್ಕ್ ಇರ್ಬೇಕು, ಅಷ್ಟೇ.

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ರ ಶಾಲೇಲಿ ಟೀಚರ್, ವ್ಯಾನ್ ನಾನೇ ಓಡಿಸೋದು. ಕೆಸರಲ್ಲಿ ಗಾಳಿ ಇಳಿಸಿದ್ರೆ ಗ್ರಿಪ್ ಬರತ್ತೆ ಅಂತ ಯಜಮಾನ್ರು, ಇಳಿಸ್ಬಾರ್ದು ನೈಟ್ರೋಜನ್ ಹಾಕ್ಸಿ ಅಂತ ಪಂಚರ್ ಅಂಗಡಿಯವ್ರು. ಯಾರ ಮಾತು ಕೇಳೋದು?

ಉತ್ತರ: ಮೇಡಂ, ಮನೆ ಜಗಳಕ್ಕೆ ನನ್ನ ಎಳೀಬೇಡಿ! ಯಜಮಾನ್ರು ಹೇಳಿದ್ದು ಅರ್ಧ ಸರಿ. ಗಾಳಿ ಇಳಿಸಿದ್ರೆ ಟೈರ್ ಸ್ವಲ್ಪ ಚಪ್ಪಟೆ ಆಗಿ ನೆಲಕ್ಕೆ ಉದ್ದಕ್ಕೆ ಕಚ್ಕೊಳ್ಳತ್ತೆ, ಹಿಡಿತ ಬರತ್ತೆ. ಆದ್ರೆ ಲೋಡ್ ಇರೋ ವ್ಯಾನಲ್ಲಿ ಜಾಸ್ತಿ ಇಳಿಸಿದ್ರೆ ಜಂಬಿಟ್ಟಿಗೆ ಕಲ್ಲಿನ ಮೂಲೆಗೆ ಸೈಡ್‌ವಾಲ್ ಸಿಕ್ಕಿ ಸೀಳತ್ತೆ, ಸೈಡಲ್ಲಿ ಸೀಳಿದ ಟೈರ್‌ಗೆ ಪಂಚರ್ ಹಾಕೋಕೆ ಬರಲ್ಲ, ಗುಜರಿಗೇ. ನಾನು ಮಾಡೋದು ನಾಲ್ಕೈದು ಪಾಯಿಂಟ್ ಇಳಿಸೋದು, ಅದೂ ಆ ಕೆಸರಿನ ತುಂಡಿಗೆ ಮಾತ್ರ, ನಿಧಾನಕ್ಕೆ. ಟಾರ್ ಹತ್ತಿದ ಕೂಡ್ಲೇ ಮತ್ತೆ ತುಂಬಿಸ್ಬೇಕು, ಗಾಳಿ ಕಮ್ಮಿ ಇದ್ದು ಸ್ಪೀಡಾಗಿ ಓಡಿದ್ರೆ ಸೈಡ್‌ವಾಲ್ ಮಡಚಿ ಮಡಚಿ ಬಿಸಿಯಾಗಿ ಬರ್ಸ್ಟ್ ಆಗೋದೇ. ಆದ್ರಿಂದ ಸಿಗರೇಟ್ ಲೈಟರ್‌ಗೆ ಚುಚ್ಚೋ ಸಣ್ಣ ಕಂಪ್ರೆಸರ್ ಕಾರಲ್ಲಿಲ್ಲ ಅಂದ್ರೆ ಇಳಿಸೋ ಸಾಹಸಕ್ಕೇ ಹೋಗ್ಬೇಡಿ.

ನೈಟ್ರೋಜನ್ ಕೆಟ್ಟದ್ದಲ್ಲ, ಫ್ರೀಯಾಗಿ ಹಾಕಿದ್ರೆ ಹಾಕಿಸ್ಕೊಳ್ಳಿ. ನಾವು ಉಸಿರಾಡೋ ಗಾಳೀಲೇ ನೂರಕ್ಕೆ 78 ನೈಟ್ರೋಜನ್ ಇದೆ. ದುಡ್ಡು ಕೊಡೋದಕ್ಕಿಂತ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡ್ಸೋದು ಒಳ್ಳೇದು. ಎಷ್ಟು ಹಾಕ್ಬೇಕು ಅಂತ ಡ್ರೈವರ್ ಬಾಗಿಲ ಹತ್ರ ಸ್ಟಿಕ್ಕರ್ ಇರತ್ತೆ, ಖಾಲಿಗೊಂದು, ಫುಲ್ ಲೋಡಿಗೊಂದು. ಓಡಿ ಬಿಸಿಯಾದ ಟೈರಲ್ಲಿ ಜಾಸ್ತಿ ತೋರಿಸ್ತು ಅಂತ ಇಳಿಸ್ಬೇಡಿ, ತಣ್ಣಗಾದ್ಮೇಲೆ ಕಮ್ಮಿ ಆಗಿ ಬಿಡತ್ತೆ. ಸ್ಟೆಪ್ನಿಗೂ ಹಾಕ್ಸಿ ಮೇಡಂ, ದಯವಿಟ್ಟು. ಬೇಕಾದಾಗ ಸ್ಟೆಪ್ನೀಲೇ ಗಾಳಿ ಇರಲ್ಲ, ನಮ್ಮನೇಲೂ ಇದೇ ಕತೆ.

ಪ್ರಶ್ನೆ: ಆಲ್-ಟೆರೇನ್ ಹಾಕಿದ್ರೆ ಓಮ್ನೀಲಿ ಕೊಡಚಾದ್ರಿ ಹತ್ತಬಹುದಾ?

ಉತ್ತರ: ಇಲ್ಲ. 1,343 ಮೀಟರ್ ಗುಡ್ಡ ಅದು, ಅಲ್ಲಿ ಹತ್ತೋ ಜೀಪುಗಳು ಫೋರ್‌ವೀಲ್ ಹಾಕಿ, ಲೋ ಗೇರಲ್ಲಿ, ದಿನಾ ಅದೇ ರಸ್ತೇಲಿ ಓಡಿಸೋ ಡ್ರೈವರ್ ಕೈಯಲ್ಲಿ ಹತ್ತೋದು. ಓಮ್ನಿಯ 12 ಇಂಚಿನ ಚಕ್ರಕ್ಕೆ ಯಾವ ಟೈರ್ ಹಾಕಿದ್ರೂ ಹೊಟ್ಟೆ ಕಲ್ಲಿಗೆ ಕೂತ್ರೆ ಮುಗೀತು. ಗಾಡಿ ಕೆಳಗೆ ನಿಲ್ಸಿ, ಜೀಪಿಗೆ ದುಡ್ಡು ಕೊಡಿ.

ಪ್ರಶ್ನೆ: ಭದ್ರಾವತಿಯಿಂದ. ಪರಿಚಯದವರೊಬ್ರು 'ಓಡಿಸದೇ ಇಟ್ಟಿದ್ದು, ಗುಂಡಿ (ಟೈರಿನ ಗೆರೆಗಳ ಆಳ) ಫುಲ್ ಇದೆ' ಅಂತ ವ್ಯಾನ್ ಟೈರ್ ನಾಲ್ಕು ಅರ್ಧ ರೇಟಿಗೆ ಕೊಡ್ತೀನಿ ಅಂತಾರೆ. ತಗೊಳ್ಳಲಾ? ಬರೀ ಎರಡು ಟೈರ್ ಸಾಕು ಅಂದ್ರೆ ಮುಂದೆ ಹಾಕ್ಬೇಕಾ, ಹಿಂದೆನಾ?

ಉತ್ತರ: ಬೆಲೆ ಮಾತಾಡೋ ಮುಂಚೆ ಕೂತು ಸೈಡ್‌ವಾಲ್ ಓದಿ. DOT (ಡಾಟ್) ಅಂತ ಇಂಗ್ಲಿಷಲ್ಲಿ ಬರೆದು ಕೊನೇಲಿ ನಾಲ್ಕು ಅಂಕಿ ಇರತ್ತೆ, 2224 ಅಂದ್ರೆ 2024ರ 22ನೇ ವಾರ ತಯಾರಾಗಿದ್ದು. ಒಂದು ಸೈಡಲ್ಲಿ ಅಂಕಿ ಇಲ್ದಿದ್ರೆ ಇನ್ನೊಂದು ಸೈಡ್ ನೋಡಿ. ಆರು ವರ್ಷ ದಾಟಿದ್ರೆ ಗುಂಡಿ ಎಷ್ಟಿದ್ರೂ ಬೇಡ, ರಬ್ಬರ್ ಒಣಗಿ ಗಟ್ಟಿ ಆಗಿರತ್ತೆ, ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿದ್ರೆ ಗೆರೆ ಗೆರೆ ಬಿರುಕು ಕಾಣತ್ತೆ, ಹಿಡಿತ ಇರಲ್ಲ. ಗೆರೆಗಳ ಒಳಗೆ ಸಣ್ಣ ದಿಬ್ಬ ಇರತ್ತಲ್ಲ, ಟೈರ್ ಸವೆದು ಅದಕ್ಕೆ ಸಮ ಆಯ್ತು ಅಂದ್ರೆ 1.6 ಮಿಲಿಮೀಟರ್ ಉಳೀತು ಅಂತ, ಕಾನೂನಿಗೆ ಅಲ್ಲೀವರೆಗೆ ಓಕೆ. ನಮ್ಮ ಮಳೆಗೆ ಅಷ್ಟು ಕಾಯ್ಬೇಡಿ, ಮೂರು ಮಿಲಿಮೀಟರಿಗೆ ಬಂದಾಗ್ಲೇ ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ರೀಟ್ರೆಡ್ (ಹಳೇ ಟೈರಿಗೆ ಹೊಸ ರಬ್ಬರ್ ಕಟ್ಟೋದು) ಮಾಡ್ಸಿದ್ದೇನಾದ್ರೂ ಆಗಿದ್ರೆ ಲಾರಿ ಹಿಂದಿನ ಚಕ್ರಕ್ಕೆ ಸರಿ, ಜನ ಕೂರೋ ವ್ಯಾನಿಗೆ ನಾನು ಹಾಕಲ್ಲ.

ಎರಡೇ ಹೊಸದು ಅಂದ್ರೆ ಹಿಂದೆ. ಸುಮಾರು ಜನ ಮುಂದೆ ಹಾಕಿಸ್ತಾರೆ, ಸ್ಟೇರಿಂಗ್ ಅಲ್ಲೇ ಇದೆ ಅಂತ. ಮುಂದಿನದು ಜಾರಿದ್ರೆ ಗಾಡಿ ನೆಟ್ಟಗೆ ಹೋಗತ್ತೆ, ಆಕ್ಸಿಲರೇಟರ್ ಬಿಟ್ರೆ ಹೆಂಗೋ ಹಿಡಿಬಹುದು. ಹಿಂದಿನದು ಜಾರಿದ್ರೆ ಗಾಡಿ ಬುಗುರಿ. ಹೊಸ ಟೈರ್ ಮೇಲೆ ಮೊದಲ ನೂರಿನ್ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ, ಮೇಲಿನ ಪಾಲಿಶ್ ಹೋಗೋ ತನಕ ಜಾರತ್ತೆ. ಮತ್ತೆ ಆ ಪರಿಚಯದವ್ರು ನಾಲ್ಕರಲ್ಲಿ ಎರಡು ಕೊಡಲ್ಲ, ತಗೊಂಡ್ರೆ ನಾಲ್ಕೂ ತಗೋಬೇಕು ಅಂದ್ರೆ, ನಾಲ್ಕರದ್ದೂ ತಾರೀಖು ನೋಡಿ. ಒಂದರದ್ದು ತೋರಿಸಿ ಮೂರು ಹಳೇದು ಸೇರಿಸಿ ಕೊಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ.